ಪುಸ್ತಕ ಸುಟ್ಟವನೇ ಬಿಟ್ಟುಹೋದ ಬೀಗದ ಕೈ



ಒಂದು ಜನಾಂಗದ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟವನೇ, ಆ ಜನರ ಲಿಪಿಯನ್ನು ಓದುವ ದಾರಿಯನ್ನೂ ಬರೆದಿಟ್ಟುಹೋದ ಎಂದರೆ ನೀವು ನಂಬುತ್ತೀರಾ? ಅಮೆರಿಕ ಖಂಡಗಳ ಇತಿಹಾಸದ ಬಗ್ಗೆ ಬಂದಿರುವ ವಿದ್ವತ್ ಗ್ರಂಥಗಳಲ್ಲಿ ಇಂಥದೊಂದು ಪುಸ್ತಕವಿದೆ.

1562ರ ಜುಲೈ 12. ಈಗಿನ ಮೆಕ್ಸಿಕೋದ ಯುಕಟಾನ್ ಪ್ರಾಂತ್ಯದ ಮಾನಿ ಎಂಬ ಊರು. ಸ್ಪೇನಿನ ಪಾದ್ರಿ ಡಿಯೆಗೊ ಡಿ ಲಾಂಡಾ, ಮಾಯಾ ಜನರ ವಿಗ್ರಹಗಳನ್ನೂ ಪುಸ್ತಕಗಳನ್ನೂ ಊರವರ ಕಣ್ಣೆದುರೇ ಬೆಂಕಿಗೆ ಹಾಕಿಸಿದ. ಅತ್ತಿಯ ಜಾತಿಯ ಮರದ ತೊಗಟೆಯಿಂದ ಕಾಗದ ಮಾಡಿ, ಮೇಲೆ ಸುಣ್ಣದ ಲೇಪ ಕೊಟ್ಟು ಬರೆದ ಪುಸ್ತಕಗಳವು. ನಮ್ಮ ಹಿಂದಿನವರ ಕಡತಗಳ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿದ್ದವು. ಮಾಯಾ ಪುಸ್ತಕಗಳಲ್ಲಿ ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಡ್ರೆಸ್ಡನ್, ಮ್ಯಾಡ್ರಿಡ್, ಪ್ಯಾರಿಸ್ ನಗರಗಳಲ್ಲಿ ಒಂದೊಂದು, ಮೆಕ್ಸಿಕೋದಲ್ಲಿ ಒಂದು. ಡ್ರೆಸ್ಡನ್ನಿನ ಪುಸ್ತಕದಲ್ಲಿ ಶುಕ್ರಗ್ರಹದ 584 ದಿನಗಳ ಆವರ್ತನೆಯ ಲೆಕ್ಕವಿದೆ, ಗ್ರಹಣಗಳ ಪಟ್ಟಿಯಿದೆ. ಸುಟ್ಟುಹೋದವುಗಳಲ್ಲಿ ಏನೇನಿತ್ತೋ!

ಮಿತಿಮೀರಿ ನಡೆದುಕೊಂಡನೆಂದು ಲಾಂಡಾನ ಮೇಲೆ ದೂರು ಹೋಗಿ, ಅವನು ಸ್ಪೇನಿಗೆ ಮರಳಬೇಕಾಯಿತು. ಅಲ್ಲಿ 1566ರ ಸುಮಾರಿಗೆ ಯುಕಟಾನಿನ ಜನ, ಆಚಾರ, ಪಂಚಾಂಗಗಳ ಬಗ್ಗೆ ಒಂದು ವಿವರವಾದ ಗ್ರಂಥ ಬರೆದ. ಮೂಲಪ್ರತಿ ಕಳೆದುಹೋಯಿತು. ಅದರ ಸಂಕ್ಷಿಪ್ತ ಪ್ರತಿಯೊಂದು ಮ್ಯಾಡ್ರಿಡ್‌ನಲ್ಲಿ ಮರೆತುಹೋಗಿ ಬಿದ್ದಿತ್ತು. 1862ರಲ್ಲಿ ಫ್ರಾನ್ಸಿನ ಬ್ರಾಸ್ಯೂರ್ ಡಿ ಬೂರ್ಬೂರ್ ಎಂಬ ಪಾದ್ರಿ ಅದನ್ನು ಹುಡುಕಿ, 1864ರಲ್ಲಿ ಅಚ್ಚು ಹಾಕಿಸಿದರು. ಅದರೊಳಗೆ ಮಾಯಾ 'ವರ್ಣಮಾಲೆ' ಎಂಬ ಒಂದು ಪಟ್ಟಿ ಇತ್ತು.

ವಿದ್ವಾಂಸರು ಆಸೆಯಿಂದ ಓದಹೊರಟರು. ಒಂದು ಸಾಲೂ ಅರ್ಥವಾಗಲಿಲ್ಲ. ಯಾಕೆ ಗೊತ್ತೇ? ಲಾಂಡಾ ಸ್ಪ್ಯಾನಿಷ್ ಅಕ್ಷರದ ಹೆಸರು ಹೇಳಿ, "ಬೆ ಬರೆ" ಎಂದಿದ್ದಾನೆ. ಮಾಯಾ ಲಿಪಿಕಾರ ತನ್ನ ಕಿವಿಗೆ ಬಿದ್ದ 'ಬೆ' ಎಂಬ ಇಡೀ ಉಚ್ಚಾರಕ್ಕೆ ಗುರುತು ಬರೆದುಕೊಟ್ಟಿದ್ದಾನೆ. ಕಾಗುಣಿತ ಕಲಿತ ನಮಗೆ ಇದು ಥಟ್ಟನೆ ಹೊಳೆಯುತ್ತದೆ, ಅಲ್ಲವೇ? ನಮ್ಮ ಕ, ಕಿ, ಕು ಇದ್ದ ಹಾಗೆ ಅವರದೂ ವ್ಯಂಜನ ಮತ್ತು ಸ್ವರ ಕೂಡಿದ ಅಕ್ಷರ. ಆದರೆ ಅಲ್ಲಿ ಗುಣಿತದ ಚಿಹ್ನೆ ಇಲ್ಲ, ಒಂದೊಂದಕ್ಕೂ ಬೇರೆಯೇ ಗುರುತು. ಇವುಗಳ ಜೊತೆಗೆ ಇಡೀ ಪದಕ್ಕೇ ನಿಲ್ಲುವ ಗುರುತುಗಳೂ ಇದ್ದವು.

1952ರಲ್ಲಿ ಲೆನಿನ್‌ಗ್ರಾಡ್‌ನ ಯೂರಿ ಕ್ನೊರೊಜೊವ್ ಇದನ್ನು ಕಂಡುಕೊಂಡರು. ಅದುವರೆಗೆ ಅವರು ಮಾಯಾ ನಾಡನ್ನು ಕಣ್ಣಿಂದ ನೋಡಿಯೇ ಇರಲಿಲ್ಲ! ಹಳೆಯ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಗುರುತುಗಳಿದ್ದವು. ಮೊದಲನೆಯದು ಲಾಂಡಾನ ಪಟ್ಟಿಯ 'ಕು'. ಆ ಕೋಳಿಗೆ ಮಾಯಾ ಭಾಷೆಯಲ್ಲಿ 'ಕುತ್ಸ್' ಎನ್ನುತ್ತಾರೆ. ಹಾಗಾದರೆ ಎರಡನೆಯದು 'ತ್ಸು' ಇರಬೇಕು, ಕೊನೆಯ ಸ್ವರ ಉಚ್ಚಾರದಲ್ಲಿ ಬಿಟ್ಟುಹೋಗುತ್ತದೆ. ಮುಂದೆ ನಾಯಿಯ ಚಿತ್ರದ ಮೇಲೆ ಅದೇ 'ತ್ಸು', ಪಕ್ಕದಲ್ಲಿ ಲಾಂಡಾನ ಪಟ್ಟಿಯ 'ಲ'ಕಾರದ ಗುರುತು. ಹಳೆಯ ನಿಘಂಟು ತೆಗೆದರೆ, ನಾಯಿಗೆ 'ತ್ಸುಲ್' ಎಂದೇ ಇದೆ! ಲೆಕ್ಕ ಕೂಡಿತು.

ಆದರೂ ಆ ಕಾಲದ ದೊಡ್ಡ ವಿದ್ವಾಂಸ, ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಕೊನೆಯವರೆಗೂ ಒಪ್ಪಲಿಲ್ಲ. ಶೀತಲ ಸಮರದ ದಿನಗಳು ಬೇರೆ. 1960ರಲ್ಲಿ ಅಮೆರಿಕದ ತಾತಿಯಾನಾ ಪ್ರೊಸ್ಕೂರಿಯಾಕೊವ್ ಎಂಬ ವಿದುಷಿ ಇನ್ನೊಂದು ಬಾಗಿಲು ತೆರೆದರು. ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿನ ಕಲ್ಲುಗಳ ಮೇಲಿನ ತಾರೀಖುಗಳು ಬರೀ ಪಂಚಾಂಗವಲ್ಲ, ಅರಸರ ಹುಟ್ಟು, ಪಟ್ಟಾಭಿಷೇಕಗಳ ದಾಖಲೆ ಎಂದು ತೋರಿಸಿಕೊಟ್ಟರು. ಶಾಸನಗಳ ನಾಡಿನವರಾದ ನಮಗೆ ಅದರ ಬೆಲೆ ಗೊತ್ತು. ಹೆಸರಿಲ್ಲದ ಹಾಳು ಪಟ್ಟಣಗಳಿಗೆ ಅರಸರು ಬಂದರು. ಪಲೆಂಕೆಯಲ್ಲಿ 615ರಿಂದ 683ರವರೆಗೆ ಆಳಿದ ದೊರೆಯ ಹೆಸರು 'ಪ-ಕ-ಲ' ಎಂದು ಕಲ್ಲಿನ ಮೇಲೆಯೇ ಇದೆ. ಓದುವುದು 'ಪಕಲ್', ಅಂದರೆ ಗುರಾಣಿ.

ಕೇಳುಗರೇ, ಇಲ್ಲೊಂದು ಮಾತು ಗಮನಿಸಿ. ಲಾಂಡಾನ ಪಟ್ಟಿಯೊಂದೇ ಇದ್ದಿದ್ದರೆ ಈ ಬೀಗ ತೆರೆಯುತ್ತಿರಲಿಲ್ಲ. ಪುಸ್ತಕ ಹೋದರೂ, ಲಿಪಿ ಮರೆತರೂ, ಜನ ಮನೆಯಲ್ಲಿ ಮಾತು ಬಿಡಲಿಲ್ಲ. ಆ ಮಾತು ನಿಘಂಟಿಗೆ ಬಂತು, ಅದರಿಂದಲೇ ಕೋಳಿ, ನಾಯಿಗಳ ಹೆಸರು ಹೊಂದಿಕೊಂಡಿತು. ಇಂದಿಗೂ ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಲಕ್ಷಾಂತರ ಮಂದಿ ಮಾಯಾ ಭಾಷೆಗಳನ್ನಾಡುತ್ತಾರೆ. 1980ರ ದಶಕದ ಕೊನೆಯಿಂದ ಅವರಲ್ಲಿ ಕೆಲವರು ತಮ್ಮ ಹಿರಿಯರ ಲಿಪಿಯನ್ನು ಮತ್ತೆ ಕಲಿಯುತ್ತಿದ್ದಾರೆ. ಊರಿಂದ ದೂರವಿದ್ದು ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಕಥೆಯನ್ನು ಪೂರ್ತಿಯಾಗಿ ಓದುವ ಆಸೆಯಿದ್ದರೆ, ಮೈಕೆಲ್ ಕೋ ಅವರ 'ಬ್ರೇಕಿಂಗ್ ದ ಮಾಯಾ ಕೋಡ್' (1992) ಹುಡುಕಿ ನೋಡಿ. ವಿದ್ವತ್ತಿನ ಪುಸ್ತಕವೇ ಆದರೂ ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ.