ಡಿಪ್ಲೊಮಾ ಅಂತ ಹೆಸರಿದ್ದರೆ ಡಿಪ್ಲೊಮಾ ಆಗುತ್ತದೆಯೇ? ವಿಡಿಯೊ ಮತ್ತು ಇಂಟರಾಕ್ಟಿವ್ ಡಿಸೈನ್ ಕಲಿಕೆಯ ಒಳಹೊರಗು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಕೂಡಲೇ ತುಮಕೂರಿನ ಗೋಡೆಗಳ ಮೇಲೆ, ಗುಬ್ಬಿ-ಕುಣಿಗಲ್‌ನ ಬಸ್ಸುಗಳ ಬೆನ್ನಿನ ಮೇಲೆ ಒಂದೇ ತೆರನಾದ ಜಾಹೀರಾತುಗಳು ಕಾಣಿಸತೊಡಗುತ್ತವೆ. ಆರು ತಿಂಗಳಲ್ಲಿ ವಿಡಿಯೊ ಎಡಿಟರ್, ಒಂದು ವರ್ಷದಲ್ಲಿ ಡಿಸೈನರ್, ಕೆಲಸ ಖಚಿತ. ಮಗ ಮೊಬೈಲಿನಲ್ಲಿ ಚೆನ್ನಾಗಿ ರೀಲ್ಸ್ ಮಾಡುತ್ತಾನೆ, ಮಗಳು ಪೋಸ್ಟರ್ ಮಾಡುತ್ತಾಳೆ, ಹಾಗಾಗಿ ಇದಕ್ಕೇ ಸೇರಿಸೋಣ ಎಂದು ತೆಂಗಿನ ತೋಟದ ಒಂದು ವರ್ಷದ ಆದಾಯವನ್ನು ಫೀಸಿಗೆ ಎತ್ತಿಡುವ ಮನೆಗಳಿವೆ. ಆದ್ದರಿಂದ ಇಲ್ಲಿ ಕಲಿಯುವುದು ಏನು, ಇದರ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ನಿಜ ಎಷ್ಟು, ಯಾವ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ನೋಡೋಣ.

ಇದು ಹೊಸ ಶೋಕಿ ಅಲ್ಲ

'ಟೆಕ್ನಿಕಲ್ ಕಾಲೇಜಿನಲ್ಲಿ ಕ್ಯಾಮೆರಾ ಕಲಿಸುತ್ತಾರಾ?' ಎಂದು ಹುಬ್ಬೇರಿಸುವವರು ಹೆಚ್ಚು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಮತ್ತು ಧ್ವನಿಮುದ್ರಣವನ್ನು ಕಲಿಸುತ್ತಿದ್ದದ್ದು 1940ರ ದಶಕದಿಂದ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹುಡುಗರ ಜೊತೆಗೇ ಸಿನಿಮಾ ಕ್ಯಾಮೆರಾ ಕಲಿಯುವ ಹುಡುಗರೂ ಇದ್ದರು. ಮೈಸೂರಿನ ವಿ. ಕೆ. ಮೂರ್ತಿ ಅಲ್ಲಿ ಕಲಿತು ಮುಂಬೈಗೆ ಹೋಗಿ ಗುರುದತ್ ಅವರ 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959) ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ಎರಡನೆಯದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಸ್ಟುಡಿಯೊದ ಕತ್ತಲನ್ನು ಸೀಳಿ ಇಳಿಯುವ ಬೆಳಕಿನ ಕೋಲನ್ನು ಅವರು ತಂದದ್ದು ದುಬಾರಿ ದೀಪದಿಂದಲ್ಲ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 'ಅರ್ಧ ಸತ್ಯ'ದ ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ವಿಭಾಗದಲ್ಲಿ ಓದಿದವರು. ಆ ವಿಭಾಗ ಮುಂದೆ ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿದೆ. ತುಮಕೂರು ರಸ್ತೆಯಿಂದ ಅದು ಬಹಳ ದೂರವೇನಲ್ಲ, ಆದರೂ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅದರ ಹೆಸರೇ ಗೊತ್ತಿಲ್ಲ.

ಇಂಟರಾಕ್ಟಿವ್ ಡಿಸೈನ್ ಎಂದರೆ ಚೆಂದ ಮಾಡುವುದೇ?

ಅಲ್ಲ. ಬಣ್ಣ, ಅಕ್ಷರ, ಚಿತ್ರ ಎಲ್ಲ ಅದರ ಒಂದು ಪಾಲು ಮಾತ್ರ. ಬಳಸುವವರು ಏನೋ ಮಾಡಿದಾಗ ಯಂತ್ರ ಏನು ಮಾಡಬೇಕು, ಅದು ಬಳಸುವವರಿಗೆ ಹೇಗೆ ತಿಳಿಯಬೇಕು ಎಂದು ಯೋಚಿಸುವುದೇ ಇದರ ತಿರುಳು. ಬಿಲ್ ಮಾಗ್ರಿಜ್ ಮತ್ತು ಬಿಲ್ ವರ್‌ಪ್ಲ್ಯಾಂಕ್ ಎಂಬ ವಿನ್ಯಾಸಕಾರರು 1980ರ ದಶಕದಲ್ಲಿ ಇದಕ್ಕೆ 'ಇಂಟರಾಕ್ಷನ್ ಡಿಸೈನ್' ಎಂಬ ಹೆಸರು ಕೊಟ್ಟರು.

ಎಟಿಎಂ ನೆನಪಿಸಿಕೊಳ್ಳಿ. ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಹಿಂದಿರುಗಿಸುವ ಯಂತ್ರಗಳಲ್ಲಿ ಜನ ದುಡ್ಡು ಎಣಿಸುತ್ತಾ ಕಾರ್ಡ್ ಮರೆತು ಹೋಗುತ್ತಿದ್ದರು. ಬಂದ ಕೆಲಸ ಮುಗಿಯಿತು ಅನ್ನಿಸಿದ ಕೂಡಲೇ ಮನಸ್ಸು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಕಾರ್ಡ್ ಮೊದಲು, ದುಡ್ಡು ಆಮೇಲೆ ಎಂದು ಕ್ರಮ ಬದಲಿಸಿದಾಗ ಆ ತೊಂದರೆ ಕಡಿಮೆಯಾಯಿತು. ಇಲ್ಲಿ ಒಂದು ಬಣ್ಣವೂ ಬದಲಾಗಿಲ್ಲ. ಅದೇ ರೀತಿ, ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅಲ್ಲಿಗೆ ಕೈ ತಲುಪಲು ಹೆಚ್ಚು ಹೊತ್ತು ಬೇಕು ಎಂದು ಪಾಲ್ ಫಿಟ್ಸ್ 1954ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದೇ ಕೈಯಲ್ಲಿ ಫೋನ್ ಹಿಡಿದವರಿಗೆ ಮೇಲ್ತುದಿಯ ಪುಟ್ಟ ಬಟನ್ ಏಕೆ ಕಾಟ ಕೊಡುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ.

ನಮ್ಮ ಕಡೆಯದೇ ಒಂದು ಅಭ್ಯಾಸ ಹೇಳುತ್ತೇವೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ತೋರಿಸುವ ಆ್ಯಪ್ ಒಂದನ್ನು ಕಾಗದದ ಮೇಲೆ ಬರೆಯಿರಿ. ತೆರೆದ ಕೂಡಲೇ ಏನು ಕಾಣಬೇಕು? ಲಾಗಿನ್ ಪುಟವೋ, ಸ್ವಾಗತ ಚಿತ್ರವೋ, ಇವತ್ತಿನ ಕ್ವಿಂಟಾಲ್ ದರವೋ? ನೆಟ್ ಇಲ್ಲದ ತೋಟದಲ್ಲಿ ನಿಂತಾಗ ನಿನ್ನೆಯ ದರವನ್ನು ತೋರಿಸಬೇಕೇ, ತೋರಿಸಿದರೆ ಅದು ನಿನ್ನೆಯದು ಎಂದು ಹೇಗೆ ತಿಳಿಸಬೇಕು? ಓದಲು ಬಾರದ ಅಜ್ಜಿಗೆ? ಈ ಪ್ರಶ್ನೆಗಳನ್ನು ಕೇಳಿಸಿ, ನಾಲ್ಕು ಜನ ರೈತರ ಕೈಗೆ ಕೊಟ್ಟು ನೋಡಿ, ಮತ್ತೆ ತಿದ್ದಿಸುವ ಕೋರ್ಸು ಡಿಸೈನ್ ಕೋರ್ಸು. ಬರೀ ಸಾಫ್ಟ್‌ವೇರಿನ ಮೆನು ಕಲಿಸಿದರೆ ಅದು ಟೈಪಿಂಗ್ ಕ್ಲಾಸಿನ ತಮ್ಮ, ಅಷ್ಟೇ.

ಚಿತ್ರ ಬಿಡಿಸಲು ಬರಲೇಬೇಕೇ ಎಂದು ಕೇಳುವವರಿದ್ದಾರೆ. ಕಲಾವಿದರಂತೆ ಬೇಕಿಲ್ಲ, ಮನಸ್ಸಿನಲ್ಲಿರುವುದು ಎದುರಿನವರಿಗೆ ಅರ್ಥವಾಗುವಷ್ಟು ಬೇಕು. ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬಿಡಿಸುವ ಭಾಗವೂ ಇದೆ. ಆ ಪರೀಕ್ಷೆಗೆ ಪಿಯುಸಿಯ ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಕೂರಬಹುದು ಎಂಬುದು ನಮ್ಮ ಕಡೆ ಹೆಚ್ಚು ಜನರಿಗೆ ತಿಳಿದಿಲ್ಲ.

ಕಣ್ಣು ಚಿತ್ರವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ?

ವಿಡಿಯೊ ತರಗತಿಯ ಮೊದಲ ದಿನವೇ ಒಂದು ಹಳೆಯ ಮಾತು ಕಿವಿಗೆ ಬೀಳುತ್ತದೆ: ಕಣ್ಣಿನ ಪರದೆಯ ಮೇಲೆ ಒಂದು ಚಿತ್ರ ಸ್ವಲ್ಪ ಹೊತ್ತು ಉಳಿಯುತ್ತದೆ, ಅಷ್ಟರಲ್ಲಿ ಮುಂದಿನದು ಬರುತ್ತದೆ, ಆದ್ದರಿಂದ ಸಿನಿಮಾ ಚಲಿಸಿದಂತೆ ಕಾಣುತ್ತದೆ. ಎಷ್ಟೋ ಪುಸ್ತಕಗಳಲ್ಲೂ ಹೀಗೇ ಇದೆ. ಆದರೆ ಕೊಂಚ ಯೋಚಿಸಿ. ಹಿಂದಿನ ಚಿತ್ರ ಹಾಗೇ ಉಳಿದು ಅದರ ಮೇಲೆ ಮುಂದಿನದು ಬಿದ್ದರೆ ಕಾಣಬೇಕಾದದ್ದು ಕಲಸುಮೇಲೋಗರ, ಚಲನೆಯಲ್ಲ. 1912ರಲ್ಲಿ ಮಾಕ್ಸ್ ವರ್ಥೈಮರ್ ಎಂಬ ಮನಶ್ಶಾಸ್ತ್ರಜ್ಞ ಪಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿ, ನಡುವಿನ ಅಂತರ ಸರಿಯಾಗಿದ್ದರೆ ನೋಡುವವರಿಗೆ ಚಲನೆಯೇ ಕಾಣುತ್ತದೆ ಎಂದು ತೋರಿಸಿದರು. ಚಲನೆಯನ್ನು ಕಟ್ಟುವುದು ಮಿದುಳು. ಬೆಳಕು ಮಿಣುಕದೆ ಒಂದೇ ಸಮ ಕಾಣುವುದು ಬೇರೆಯೇ ವಿಷಯ. ಅದಕ್ಕೆಂದೇ ಹಳೆಯ ಪ್ರೊಜೆಕ್ಟರುಗಳು ಒಂದೊಂದು ಫ್ರೇಮನ್ನು ಎರಡು ಮೂರು ಸಲ ಬೆಳಗಿಸುತ್ತಿದ್ದವು.

ಸೆಕೆಂಡಿಗೆ 24 ಫ್ರೇಮ್ ಎಂಬ ಲೆಕ್ಕವೂ ಕಣ್ಣಿನ ಮಿತಿಯಿಂದ ಬಂದದ್ದಲ್ಲ. ಮೂಕಿ ಚಿತ್ರಗಳ ವೇಗ ಕೈಯಿಂದ ತಿರುಗಿಸುವವನ ಲಯಕ್ಕೆ ಬಿಟ್ಟದ್ದಾಗಿತ್ತು. 1920ರ ದಶಕದ ಕೊನೆಯಲ್ಲಿ ಮಾತು ಬಂದಾಗ, ಶಬ್ದ ಏರುಪೇರಾಗದಂತೆ ಒಂದೇ ವೇಗ ಬೇಕಾಯಿತು. ರೀಲಿನ ಖರ್ಚು, ಶಬ್ದದ ಗುಣಮಟ್ಟ ಎರಡಕ್ಕೂ ಹೊಂದುವ ವೇಗವಾಗಿ 24 ನಿಂತಿತು.

ಇಲ್ಲಿಂದ ನೇರವಾಗಿ ತುಮಕೂರಿನ ಕಲ್ಯಾಣ ಮಂಟಪಕ್ಕೆ ಬರೋಣ. ಮದುವೆಯ ವಿಡಿಯೊದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಪಟ್ಟಿಗಳು ಹರಿದಾಡುವುದನ್ನು ನೋಡಿರುತ್ತೀರಿ. ಕ್ಯಾಮೆರಾ ಕೆಟ್ಟಿದೆ ಎಂದು ಬೈಯುವುದು ವಾಡಿಕೆ. ಕಾರಣ ನಮ್ಮ ಕರೆಂಟು. ಭಾರತದಲ್ಲಿ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಬಗೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಪ್ರತಿ ಆವರ್ತನದಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕ್ಯಾಮೆರಾವನ್ನು ಅಮೆರಿಕದ ಲೆಕ್ಕದಂತೆ 30 ಫ್ರೇಮ್, 1/60 ಶಟರ್‌ಗೆ ಇಟ್ಟರೆ ಒಂದೊಂದು ಫ್ರೇಮಿಗೂ ಬೇರೆಬೇರೆ ಪ್ರಮಾಣದ ಬೆಳಕು ಸಿಗುತ್ತದೆ. 25 ಫ್ರೇಮ್, 1/50 ಶಟರ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಣುಕು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. 1/100 ಕೂಡ ಆಗಬಹುದು. ಖರ್ಚು ಒಂದು ಪೈಸೆಯೂ ಇಲ್ಲ. ಇದನ್ನು ಹೇಳಿಕೊಡುವ ಮೇಷ್ಟ್ರು ಸಿಕ್ಕರೆ ಬಿಡಬೇಡಿ.

4ಕೆ ಇದ್ದರೆ ಸಾಕೇ?

1920×1080 ಅಳತೆಯ ಒಂದು ಫ್ರೇಮಿನಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಒಂದೊಂದು ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್ ಎಂದರೆ ಸೆಕೆಂಡಿಗೆ ಸುಮಾರು 155 ಎಂಬಿ, ನಿಮಿಷಕ್ಕೆ 9 ಜಿಬಿಗೂ ಮೇಲೆ. ನಿಮ್ಮ ಫೋನ್ ಅದನ್ನು ನೂರು ಚಿಲ್ಲರೆ ಎಂಬಿಗೆ ಇಳಿಸುತ್ತದೆ. ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದಿಟ್ಟು, ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಕೈಬಿಡುವುದೇ ಇದರ ಗುಟ್ಟು. ಅದೇ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಇಳಿಸಿ, ಮತ್ತೆ ಎಡಿಟ್ ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಕಳೆದುಹೋಗುತ್ತದೆ. ಆಗ 4ಕೆ ಕ್ಯಾಮೆರಾ ಇದ್ದರೂ ಸುಖವಿಲ್ಲ.

ನೋಡುವವರು ಮಂಕಾದ ಚಿತ್ರವನ್ನು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಬಯಲಿನಲ್ಲಿ ಮೈಕಿನ ದೂರ ಎರಡು ಪಟ್ಟಾದರೆ ದನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಹಾಗೇ ಇರುತ್ತದೆ. ದುಡ್ಡು ಕಡಿಮೆ ಇದ್ದರೆ ಮೊದಲು ಕಾಲರ್ ಮೈಕ್, ಆಮೇಲೆ ಟ್ರೈಪಾಡ್, ಕ್ಯಾಮೆರಾ ಕೊನೆಗೆ ಎಂಬುದು ನಮ್ಮ ಸಲಹೆ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ, ಅನಿಮೇಷನ್‌ಗೆ ಬ್ಲೆಂಡರ್ ಪೂರ್ತಿ ಉಚಿತ. ಕದ್ದ ಸಾಫ್ಟ್‌ವೇರ್ ಹಾಕಿಕೊಡುವ ಸಂಸ್ಥೆ ಫೀಸಿಗೆ ತಕ್ಕ ಪಾಠ ಹೇಳುತ್ತದೆ ಎಂದು ನಂಬುವುದು ಕಷ್ಟ.

ಒತ್ತಕ್ಷರ ಒಡೆಯುವುದು ಏಕೆ?

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ನಿತ್ಯದ ಗೋಳು. ವಿಡಿಯೊದ ಮೇಲೆ 'ಅಕ್ಕ' ಎಂದು ಬರೆದರೆ 'ಅಕ್‌ಕ' ಎಂದು ಮೂಡುತ್ತದೆ. ಹಲವರು ಫಾಂಟ್ ಬದಲಿಸಿ ಸುಸ್ತಾಗುತ್ತಾರೆ. ಯುನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ: ಕ, ವಿರಾಮ ಚಿಹ್ನೆ, ಕ ಎಂದು ಮೂರು ಸಂಕೇತಗಳಿರುತ್ತವೆ. ಅವನ್ನು ಸೇರಿಸಿ 'ಕ್ಕ' ಎಂದು ಬಿಡಿಸುವ ಕೆಲಸ ಸಾಫ್ಟ್‌ವೇರಿನ ಅಕ್ಷರ ಜೋಡಣೆಯ ಭಾಗದ್ದು. ಅಡೋಬಿ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಆನ್ ಮಾಡಿದರೆ ಸರಿಹೋಗುತ್ತದೆ. ಹಳೆಯ ನುಡಿ ಆಸ್ಕಿ ಫಾಂಟುಗಳಲ್ಲಿ ಅಕ್ಷರ ಒಡೆಯುವುದಿಲ್ಲ ನಿಜ, ಆದರೆ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳ ಗುಂಪು. ಅದನ್ನು ಹುಡುಕಲಾಗದು, ಆ ಫಾಂಟ್ ಇಲ್ಲದ ಕಡೆ ಓದಲೂ ಆಗದು. ಪೋಸ್ಟರಿಗೆ ನಡೆದೀತು, ಆ್ಯಪ್‌ಗೆ ನಡೆಯದು.

ಕಾಗದದ ಬೆಲೆ

ಈಗ ಮುಖ್ಯ ವಿಷಯ. ಯುಜಿಸಿ ಕಾಯ್ದೆ (1956) ಪ್ರಕಾರ 'ಪದವಿ' ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಒಪ್ಪಿದ ಸಂಸ್ಥೆಗಳಿಗೆ ಮಾತ್ರ. 'ಡಿಪ್ಲೊಮಾ' ಎಂಬ ಪದಕ್ಕೆ ಆ ಕಾವಲಿಲ್ಲ. ಎರಡು ಕೋಣೆಯ ತರಬೇತಿ ಕೇಂದ್ರವೂ ಸರ್ಟಿಫಿಕೇಟಿನ ಮೇಲೆ ಡಿಪ್ಲೊಮಾ ಎಂದು ಅಚ್ಚು ಹಾಕಬಹುದು. ಎಐಸಿಟಿಇ ಮಾನ್ಯತೆ ಇರುವ, ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷೆ ಬರೆಸುವ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಬೇರೆಯೇ. ಅದನ್ನು ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಖಾಸಗಿ ಕೇಂದ್ರದ ಕಾಗದಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಹಾಗೆಂದು ಅಲ್ಲಿ ಕಲಿಸುವುದೆಲ್ಲ ಸುಳ್ಳು ಎಂದಲ್ಲ. ಕೈಕೆಲಸ ಕಲಿಯಲು ಹೋಗಿ, ಆದರೆ ಪದವಿಗೆ ಸಮ ಎಂದುಕೊಂಡು ಹೋಗಬೇಡಿ.

ಹತ್ತಿರದಲ್ಲೇ ಏನಿದೆ? ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರದು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು 2001ರದು. ಎಂಜಿನಿಯರಿಂಗ್‌ನ ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಪರದೆಯ ಮೇಲೆ ಗೆರೆ, ಬೆಳಕು ಮೂಡಿಸುವ ಗಣಿತವನ್ನು ಕಲಿಸುತ್ತದೆ, ಬಳಸುವವರ ಮನಸ್ಸನ್ನಲ್ಲ. ವಿಟಿಯು ಅಡಿ ಕಂಪ್ಯೂಟರ್ ಸೈನ್ಸ್ ಅಂಡ್ ಡಿಸೈನ್ ಎಂಬ ಶಾಖೆಯೂ ಇದೆ, ಯಾವ ಕಾಲೇಜಿನಲ್ಲಿದೆ ಎಂದು ಸೇರುವ ವರ್ಷವೇ ವಿಚಾರಿಸಿಕೊಳ್ಳಿ. ಸುದ್ದಿ, ಸಾಕ್ಷ್ಯಚಿತ್ರದ ಕಡೆ ಮನಸ್ಸಿದ್ದರೆ ತುಮಕೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ. ಶ್ರೀ ಸಿದ್ಧಾರ್ಥ ಮಾಧ್ಯಮ ಅಧ್ಯಯನ ಕೇಂದ್ರಕ್ಕೆ ಸಮುದಾಯ ರೇಡಿಯೊ ಕೂಡ ಇದೆ, ದನಿ ಕಲಿಯಲು ಅದಕ್ಕಿಂತ ಅಗ್ಗದ ಶಾಲೆ ಸಿಗುವುದು ಕಷ್ಟ. ಕುಣಿಗಲ್‌ನವರ ಲೆಕ್ಕ ಸ್ವಲ್ಪ ಬೇರೆ: ಅವರ ರೈಲು ಹಾಸನ–ಬೆಂಗಳೂರು ಮಾರ್ಗದ್ದು, ತುಮಕೂರು ಮುಟ್ಟುವುದಿಲ್ಲ. ಹಾಗಾಗಿ ಅವರಿಗೆ ಬೆಂಗಳೂರಿನ ಕಾಲೇಜುಗಳೇ ಅನುಕೂಲ ಅನ್ನಿಸಿದರೆ ತಪ್ಪಿಲ್ಲ.

ಗುಬ್ಬಿಯವರಂತೂ ಇದನ್ನೆಲ್ಲ ಹೊರಗಿನದು ಎಂದುಕೊಳ್ಳಬೇಕಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಗುಬ್ಬಿ ವೀರಣ್ಣನವರು ಸಿನಿಮಾಕ್ಕೂ ಕೈ ಹಾಕಿದರು, 1954ರ 'ಬೇಡರ ಕಣ್ಣಪ್ಪ' ಅವರ ಸಂಸ್ಥೆಯ ನಿರ್ಮಾಣ. ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಎಂದರೆ ನಟ ಹಾಡನ್ನು ಮತ್ತೆ ಹಾಡುತ್ತಿದ್ದ. ಇಂಟರಾಕ್ಟಿವ್ ಎಂದರೆ ಇನ್ನೇನು?

ಕೆಲಸದ ಬಗ್ಗೆ ನಮ್ಮ ಅಂದಾಜು ಇಷ್ಟು: ವಿಡಿಯೊ ಕಲಿತವರಿಗೆ ತುಮಕೂರಿನಲ್ಲೇ ಮದುವೆ, ಅಂಗಡಿ ಜಾಹೀರಾತು, ಕೋಚಿಂಗ್ ಪಾಠಗಳ ಕೆಲಸ ಸಿಗುತ್ತದೆ, ಆದರೆ ಹಂಗಾಮಿನ ಸಂಪಾದನೆ. ಇಂಟರಾಕ್ಷನ್ ಡಿಸೈನ್ ಕೆಲಸಗಳು ಬಹುಪಾಲು ಬೆಂಗಳೂರಿನವು, ಅಲ್ಲಿ ಸರ್ಟಿಫಿಕೇಟಿಗಿಂತ ನೀವು ಮಾಡಿದ ಕೆಲಸಗಳ ಸಂಗ್ರಹ ನೋಡುತ್ತಾರೆ.

ಆದ್ದರಿಂದ ಫೀಸು ಕಟ್ಟುವ ಮುನ್ನ ಸಂಸ್ಥೆಗೆ ಹೋಗಿ, ಹೋದ ವರ್ಷದ ಮಕ್ಕಳು ಮಾಡಿದ್ದನ್ನು ತೋರಿಸಿ ಎಂದು ಕೇಳಿ. ಗೋಡೆಯ ಮೇಲಿನ ಪೋಸ್ಟರ್ ಬೇಡ, ಐದು ನಿಮಿಷದ ಒಂದು ಕಿರುಚಿತ್ರವನ್ನು ಶುರುವಿನಿಂದ ಕೊನೆವರೆಗೆ ನೋಡಿ. ಮಾತು ಕೇಳಿಸುತ್ತದೆಯೇ, ಕನ್ನಡ ಅಕ್ಷರ ನೆಟ್ಟಗಿದೆಯೇ, ದೀಪದ ಪಟ್ಟಿ ಹರಿದಾಡುತ್ತಿದೆಯೇ ಗಮನಿಸಿ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಕ್ಯಾಮೆರಾ ಕೈಗೆ ಸಿಗುತ್ತದೆ, ನಡುವೆ ಬಿಟ್ಟರೆ ಎಷ್ಟು ಹಣ ವಾಪಸು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮಾನ್ಯತೆಯ ಪತ್ರವಿದೆ ಎಂದರೆ ಅದರಲ್ಲಿ ಸಂಸ್ಥೆಯ ಹೆಸರಿನ ಜೊತೆ ನೀವು ಸೇರುವ ಕೋರ್ಸಿನ ಹೆಸರೂ ಇದೆಯೇ ಎಂದು ಓದಿ ನೋಡಿ.