ವೃತ್ತಿಪರ ಕೋಚಿಂಗ್‌ನ ಪರಿಣಾಮಕಾರಿತ್ವ: ಅಳತೆಯ ಸಮಸ್ಯೆಗಳು

ಸಂಸ್ಥೆಗಳ ಅಧಿಕಾರಿಗಳಿಗೆ ಪ್ರತ್ಯೇಕವಾಗಿ ನೀಡುವ ವೃತ್ತಿಪರ ಕೋಚಿಂಗ್‌ನಿಂದ ಪ್ರಯೋಜನವಿದೆ ಎಂಬುದನ್ನು ಈವರೆಗಿನ ಸಂಶೋಧನೆ ಬಹುಮಟ್ಟಿಗೆ ಒಪ್ಪುತ್ತದೆ. ಎಷ್ಟು, ಯಾವುದರಿಂದ ಎಂಬಲ್ಲಿ ಒಮ್ಮತವಿಲ್ಲ. ಈ ಭಿನ್ನಮತಕ್ಕೆ ಅಳತೆಯ ವಿಧಾನವೇ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಟೇಬೋಮ್ ಮತ್ತು ಸಂಗಡಿಗರು 2014ರಲ್ಲಿ 18 ಅಧ್ಯಯನಗಳನ್ನು ಕ್ರೋಡೀಕರಿಸಿದರು. ಪರಿಣಾಮದ ಗಾತ್ರ ಒತ್ತಡ ನಿಭಾಯಿಸುವ ಸಾಮರ್ಥ್ಯದಲ್ಲಿ 0.43, ಗುರಿಸಾಧನೆಗೆ ಬೇಕಾದ ಸ್ವನಿಯಂತ್ರಣದಲ್ಲಿ 0.74 ಇತ್ತು. ಜೋನ್ಸ್ ಮತ್ತು ಸಂಗಡಿಗರು 2016ರಲ್ಲಿ 17 ಅಧ್ಯಯನಗಳಿಂದ ಪಡೆದ ಒಟ್ಟು ಗಾತ್ರ 0.36. ಹೋಲಿಕೆಯ ಗುಂಪಿಲ್ಲದ ಅಧ್ಯಯನಗಳಲ್ಲಿ ಪರಿಣಾಮ ಹಿಗ್ಗಿ ಕಾಣುವುದನ್ನು ಟೇಬೋಮ್ ತಂಡವೇ ಗುರುತಿಸಿದೆ. ಕಷ್ಟ ಉಲ್ಬಣಿಸಿದಾಗ ನೆರವು ಕೋರಿದವರಲ್ಲಿ ಕಾಲಕ್ರಮೇಣ ತಾನಾಗಿಯೇ ಆಗುವ ಚೇತರಿಕೆಯೂ ಅಲ್ಲಿ ಕೋಚಿಂಗ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಫಲಕ್ಕೆ ಕಾರಣವೇನು? ಹೆಚ್ಚು ಪರಿಶೀಲನೆಗೆ ಒಳಗಾದ ಉತ್ತರ 'ಕಾರ್ಯಮೈತ್ರಿ'. ಗುರಿಯ ಬಗ್ಗೆ ಸಹಮತ, ಮಾಡಬೇಕಾದ ಕೆಲಸದ ಬಗ್ಗೆ ಸಹಮತ, ಪರಸ್ಪರ ವಿಶ್ವಾಸ ಎಂಬ ಅದರ ಮೂರು ಅಂಗಗಳನ್ನು ಬೋರ್ಡಿನ್ 1979ರಲ್ಲಿ ಮನೋಚಿಕಿತ್ಸೆಯ ಸಂದರ್ಭದಲ್ಲಿ ನಿರೂಪಿಸಿದ್ದರು. ಗ್ರಾಸ್‌ಮನ್ ಮತ್ತು ಸಂಗಡಿಗರ 2020ರ ವಿಶ್ಲೇಷಣೆಯಲ್ಲಿ ಕಾರ್ಯಮೈತ್ರಿಗೂ ಫಲಿತಾಂಶಕ್ಕೂ ಇರುವ ಸಹಸಂಬಂಧ 0.41. ಡಿ ಹಾನ್ ತಂಡ 2016ರಲ್ಲಿ ಕೋಚ್ ಮತ್ತು ಕೋಚಿಂಗ್ ಪಡೆದವರ 1,895 ಜೋಡಿಗಳನ್ನು ಪರಿಶೀಲಿಸಿದಾಗ, ಇಬ್ಬರ ವ್ಯಕ್ತಿತ್ವ ಪರಸ್ಪರ ಹೊಂದಿಕೆಯಾಗುವುದರಿಂದ ವಿಶೇಷ ಲಾಭ ಕಾಣಲಿಲ್ಲ. ಸಂಬಂಧದ ಬಲ ಮತ್ತು ಕೋಚಿಂಗ್ ಪಡೆದವರ ಆತ್ಮವಿಶ್ವಾಸ ಮುಖ್ಯವಾದವು. ಆದರೆ ಸಂಬಂಧಕ್ಕೂ ಫಲಕ್ಕೂ ಒಬ್ಬರೇ ಅಂಕ ಕೊಟ್ಟರೆ, ಸಂತೃಪ್ತರು ಎರಡಕ್ಕೂ ಧಾರಾಳವಾಗಿಯೇ ಕೊಡುತ್ತಾರೆ. ಪ್ರಗತಿ ಕಂಡದ್ದರಿಂದಲೇ ವಿಶ್ವಾಸ ಬೆಳೆದಿರಲೂಬಹುದು. ಸಹಸಂಬಂಧವೊಂದೇ ಕಾರಣವನ್ನು ಸಾಬೀತುಪಡಿಸದು.

ಸ್ವಾಭಾವಿಕ ಚೇತರಿಕೆಯನ್ನು ಬೇರ್ಪಡಿಸುವ ದಾರಿಯನ್ನು ಆಸ್ಟ್ರೇಲಿಯಾದ ಆಂಟನಿ ಗ್ರಾಂಟ್ ಮತ್ತು ಸಂಗಡಿಗರ 2009ರ ಪ್ರಯೋಗ ತೋರಿಸಿತು. ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ 41 ಅಧಿಕಾರಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಒಂದು ಗುಂಪಿಗೆ ಮೊದಲು ಕೋಚಿಂಗ್ ನೀಡಿ ಇನ್ನೊಂದನ್ನು ಕಾಯಿಸಲಾಯಿತು. ಕಾಯುವವರೇ ಹೋಲಿಕೆಯ ಗುಂಪಾದ್ದರಿಂದ ಯಾರೂ ಸೌಲಭ್ಯದಿಂದ ವಂಚಿತರಾಗಲಿಲ್ಲ. ಕೋಚಿಂಗ್ ಪಡೆದವರಲ್ಲಿ ಗುರಿಸಾಧನೆ ಹೆಚ್ಚಿತು, ಒತ್ತಡ ತಗ್ಗಿತು.

ಆದ್ದರಿಂದ ಕೊನೆಯ ದಿನ ತುಂಬಿಸಿಕೊಳ್ಳುವ ಮೆಚ್ಚುಗೆಯ ನಮೂನೆಯನ್ನು ಫಲಿತಾಂಶದ ಪುರಾವೆ ಎನ್ನಲಾಗದು. ಆರಂಭಕ್ಕೆ ಮುನ್ನ ಒಂದು ಅಳತೆ, ಯಾದೃಚ್ಛಿಕ ಹೋಲಿಕೆಯ ಗುಂಪು, ಸಹೋದ್ಯೋಗಿಗಳ ಮೌಲ್ಯಮಾಪನ, ಕೆಲವು ತಿಂಗಳ ಬಳಿಕ ಮರುಪರಿಶೀಲನೆ: ಈ ನಾಲ್ಕೂ ಇಲ್ಲದ ಅಧ್ಯಯನದಿಂದ ಕೋಚಿಂಗ್ ಎಷ್ಟು ಇಷ್ಟವಾಯಿತು ಎಂಬುದಷ್ಟೇ ತಿಳಿಯುತ್ತದೆ, ಎಷ್ಟು ಉಪಯೋಗವಾಯಿತು ಎಂಬುದಲ್ಲ.