ಪರನಾಡಿನ ಮೇಲಣ ಒಲವು

ದೇವನಹಳ್ಳಿಯ ವಿಮಾನ ನಿಲ್ದಾಣದ ಹಾದಿ ನಿಮ್ಮಲ್ಲಿ ಅನೇಕರಿಗೆ ಪರಿಚಿತ. 2008ರ ಮೇ ತಿಂಗಳಲ್ಲಿ ಅದು ತೆರೆದಂದಿನಿಂದ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಎಷ್ಟೋ ಮನೆಯ ಮಕ್ಕಳು ಆ ಬಾಗಿಲಿನಿಂದಲೇ ಪರದೇಶಕ್ಕೆ ಹೊರಟಿದ್ದಾರೆ. ಹೋದ ಹೊಸತರಲ್ಲಿ ಅವರಿಂದ ಬರುವ ಮಾತೆಲ್ಲ ಹೊಗಳಿಕೆಯೇ. ಅಲ್ಲಿಯ ರಸ್ತೆ ಚೆಂದ, ಹಿಮ ಚೆಂದ, ಜನರ ಶಿಸ್ತು ಚೆಂದ. ಪರನಾಡಿಗೆ ಮನಸೋಲುವುದು ಹೀಗೆಯೇ ಮೊದಲಾಗುತ್ತದೆ. ಆದರೆ ಹತ್ತು ವರ್ಷಗಳಾದ ಮೇಲೆ, ಮೂವತ್ತು ವರ್ಷಗಳಾದ ಮೇಲೆ ಆ ಒಲವು ಏನಾಗುತ್ತದೆ? ಎದುರು ದಿಕ್ಕಿನಿಂದ ನಮ್ಮ ನಾಡಿಗೆ ಬಂದ ಒಬ್ಬರ ಬದುಕಿನಲ್ಲಿ ಅದನ್ನು ನೋಡೋಣ.

ಅದೇ ದೇವನಹಳ್ಳಿಯ ಕೋಟೆಯ ಬಳಿ, ಟಿಪ್ಪು ಸುಲ್ತಾನ ಹುಟ್ಟಿದ ತಾಣದಲ್ಲಿ, ಒಂದು ಸಣ್ಣ ಸ್ಮಾರಕವಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಹಿಡಿಯಿತು. ಅದರ ಮರುವರ್ಷ, ಕ್ರಾಂತಿಯ ದಳ್ಳುರಿಯಲ್ಲಿದ್ದ ಫ್ರಾನ್ಸಿನಿಂದ ಆಗತಾನೆ ಗುರುದೀಕ್ಷೆ ಪಡೆದಿದ್ದ ತರುಣರೊಬ್ಬರು ಭಾರತಕ್ಕೆ ಹಡಗು ಹತ್ತಿದರು. ಅವರೇ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಜಾನ್ ಆಂಟ್ವಾನ್ ದ್ಯುಬುವಾ. ನಾವು ಅವರನ್ನು ಅಬ್ಬೆ ದ್ಯುಬುವಾ ಎಂದು ಬಲ್ಲೆವು. ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದ ಅವರು, 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಬಳಿಕ, ಸೆರೆ ಮತ್ತು ಯುದ್ಧಗಳಿಂದ ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರಿಗೆ ಬಂದರು. ನಮ್ಮ ಬೆಂಗಳೂರು ಮಹಾಧರ್ಮಕ್ಷೇತ್ರದ ಬೇರು ಆ ಮೈಸೂರು ಮಿಷನ್ನಿನಲ್ಲಿಯೇ ಇದೆ.

ಬಂದವರು ಪ್ರವಾಸಿಗರಂತೆ ದೂರದಲ್ಲಿ ನಿಂತು ನೋಡಲಿಲ್ಲ. ಬಿಳಿಯ ನಿಲುವಂಗಿ ತೊಟ್ಟರು, ತಲೆಗೆ ಪೇಟ ಸುತ್ತಿದರು, ಇಲ್ಲಿಯ ಜನರ ಊಟವನ್ನೇ ಉಂಡರು. ಚಿತ್ರಕಾರ ಥಾಮಸ್ ಹಿಕಿ ಬರೆದ ಅವರ ಭಾವಚಿತ್ರವನ್ನು ನೋಡಿದರೆ, ಅದು ಫ್ರೆಂಚ್ ಪಾದ್ರಿಯದೆಂದು ಹೇಳಿದ ಮೇಲೆಯೇ ತಿಳಿಯಬೇಕು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದ ಕುಟುಂಬಗಳಿಗೆ ಬೇಸಾಯದ ನೆಲೆಯೊಂದನ್ನು ಕಲ್ಪಿಸಿದರು.

ಅವರ ಕೆಲಸಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಸಿಡುಬಿನ ಸಂಗತಿ. ಜೆನ್ನರನ ಲಸಿಕೆ ಭಾರತದ ನೆಲ ಮುಟ್ಟಿದ್ದು 1802ರಲ್ಲಿ. ಸಿಡುಬು ನಮ್ಮವರಿಗೆ ಬರಿಯ ಕಾಯಿಲೆಯಾಗಿರಲಿಲ್ಲ. ಅದು ಮನೆಗೆ ಬಂದ ‘ಅಮ್ಮ’. ಬಂದ ಅಮ್ಮನನ್ನು ತಣಿಸಿ ಕಳುಹಿಸಬೇಕೇ ಹೊರತು ತಡೆಯುವುದುಂಟೆ? ಹಸುವಿನ ಸಿಡುಬಿನ ರಸವನ್ನು ಮಗುವಿನ ತೋಳಿಗೆ ಗೀರಿ ಸೇರಿಸುತ್ತೇವೆಂದರೆ ಯಾವ ತಾಯಿ ತಾನೇ ಒಪ್ಪಿಯಾಳು! ಅಂತಹ ಕಾಲದಲ್ಲಿ ದ್ಯುಬುವಾರವರು ಈ ಕೆಲಸಕ್ಕೆ ಕೈಹಾಕಿದರು. 1803-04ರ ಅವಧಿಯಲ್ಲಿ ಲಸಿಕೆ ಪಡೆದವರೆಂದು ದಾಖಲೆಯಲ್ಲಿ ಬರೆಸಿದ್ದು 25,432 ಮಂದಿಯನ್ನು. ಅಂಗೈಯಗಲದ ಆಸ್ಪತ್ರೆಯೂ ಇಲ್ಲದ ಹಳ್ಳಿಗಳಲ್ಲಿ, ಪರಭಾಷೆಯ ಮನುಷ್ಯನೊಬ್ಬನ ಮಾತನ್ನು ನಂಬಿ ಇಷ್ಟು ಜನ ತೋಳು ಚಾಚಿದರು.

ಆದರೆ, ಓದುಗರೇ, ಅವರ ಪ್ರಸಿದ್ಧ ಗ್ರಂಥವನ್ನು ತೆರೆದರೆ ಬೇರೆಯೇ ದನಿ ಕೇಳಿಸುತ್ತದೆ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅದರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ನಕ್ಷತ್ರ ವರಹಗಳನ್ನು ಕೊಟ್ಟು ಕೊಂಡುಕೊಂಡಿತು. ಆಳುವವರಿಗೆ ಆಳಿಸಿಕೊಳ್ಳುವವರ ಮನೆಯೊಳಗು ತಿಳಿಯಬೇಕಿತ್ತಲ್ಲವೇ! ಅದರ ಎಷ್ಟೋ ಪುಟಗಳು ಕಟುವಾಗಿವೆ, ಕೆಲವೆಡೆ ಅನ್ಯಾಯವಾಗಿಯೂ ಇವೆ. ಅಲ್ಲದೆ, ಅದರ ಬಹುಭಾಗ ತಮಗಿಂತ ಹಿಂದಿನ ಯೇಸುಸಭೆಯ ಗುರು ಕೆರ್ದೂ ಅವರ ಬರಹವನ್ನು ಅವಲಂಬಿಸಿದ್ದೆಂದು ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ದ್ಯುಬುವಾರವರ ಒಲವನ್ನು ಆ ಗ್ರಂಥದಲ್ಲಿ ಹುಡುಕುವುದು ಸಲ್ಲದು. ಲಸಿಕೆಯ ದಾಖಲೆಯಲ್ಲಿ, ಸಾತಹಳ್ಳಿಯ ಹೊಲಗಳಲ್ಲಿ ಹುಡುಕಬೇಕು. ಬರೆಯುವಾಗ ಮುನಿಸಿಕೊಂಡ ಮನುಷ್ಯ, ಬದುಕುವಾಗ ಜನರ ಪಕ್ಕದಲ್ಲಿಯೇ ಇದ್ದರು.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಆಗ ಅವರ ವಯಸ್ಸು 57. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಭಾರತದಲ್ಲಿ ಮಿಷನರಿಗಳ ಶ್ರಮ ಫಲ ಕೊಡಲಾರದು, ತಮ್ಮ ದುಡಿಮೆಯೂ ಕೊಡಲಿಲ್ಲ ಎಂದು ಅವರು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಒಂದು ನಾಡಿಗೆ ಮೂವತ್ತು ವರ್ಷಗಳನ್ನು ಕೊಟ್ಟು, ಸೋತೆನೆಂದು ಬರೆದು, ಮತ್ತೆಂದೂ ಅತ್ತ ಮುಖ ಮಾಡದವರನ್ನು ಆ ನಾಡಿನ ಪ್ರೇಮಿ ಎನ್ನಬಹುದೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ಪ್ಯಾರಿಸ್ಸಿನಲ್ಲಿ ಅವರು ಮಾಡಿದ್ದೇನೆಂದು ನೋಡಿದಾಗ ಮನಸ್ಸು ಹಗುರಾಯಿತು. 1826ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದ ಪ್ರತಿಗಳು ಮೂರು: ಒಂದು ತಮಿಳು, ಒಂದು ತೆಲುಗು, ಇನ್ನೊಂದು ಕನ್ನಡ. ಪೆದ್ದ ಶಿಷ್ಯರ ಪರಮಾರ್ಥ ಗುರುವಿನ ಕಥೆಯನ್ನೂ ಅದರೊಂದಿಗೆ ಸೇರಿಸಿದರು. ನಾಡನ್ನು ಬಿಟ್ಟು ಬಂದವರು ಅಲ್ಲಿಯ ಅಜ್ಜಿಕಥೆಗಳನ್ನು ಬಿಡಲಾರದೆ ಹೋದರು. 1836ರಿಂದ 1839ರವರೆಗೆ ಅವರು ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಫಲವಿಲ್ಲವೆಂದು ತಾವೇ ಬರೆದಿದ್ದ ಪೂರ್ವದೇಶಗಳ ಕೆಲಸಕ್ಕೆ ತರುಣ ಗುರುಗಳನ್ನು ಕಳುಹಿಸುವ ಹೊಣೆ ಅವರ ಪಾಲಿಗೇ ಬಂತು.

1848ರ ಫೆಬ್ರವರಿ 17ರಂದು ಅವರು ಪ್ಯಾರಿಸ್ಸಿನಲ್ಲಿ ನಿಧನರಾದರು. ಎರಡು ವರ್ಷಗಳ ಬಳಿಕ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಕ್ಷೇತ್ರವಾಯಿತು. ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತನ್ನು ನೋಡಿ ಅಲ್ಲಿಂದಲೇ ಹಿಂದಿರುಗಬೇಡಿ. ಸಮೀಪದಲ್ಲಿಯೇ ಇರುವ ಗಂಜಾಮಿನಲ್ಲಿ ಅವರು ಕಟ್ಟಿಸಿದ ಪುಟ್ಟ ಚರ್ಚು ಇದೆ. ಅಬ್ಬೆ ದ್ಯುಬುವಾ ಚರ್ಚು ಎಂದರೆ ದಾರಿ ತೋರಿಸುತ್ತಾರೆ.